ಕಪಿಲೆಯ ದಂಡೆಯಲ್ಲೊಂದು ಓದಿನ ಗಂಟೆ

ಮೈಸೂರಿನಿಂದ ಚಾಮರಾಜನಗರದ ಕಡೆಗೆ ಹೊರಡುವ ಬೆಳಗಿನ ರೈಲಿನಲ್ಲಿ ನಂಜನಗೂಡಿಗೆ ಟಿಕೀಟು ಕೊಂಡವರು ಸಾಮಾನ್ಯವಾಗಿ ಎರಡು ಬಗೆ. ನಂಜುಂಡನ ದರ್ಶನಕ್ಕೆ ಹೊರಟವರು ಒಂದು, ಕಾರ್ಖಾನೆಯ ಪಾಳಿಗೆ ಹೊರಟವರು ಇನ್ನೊಂದು. ನಾನು ಯಾವ ಗುಂಪಿಗೂ ಸೇರದೆ ಕಿಟಕಿಯ ಪಕ್ಕ ಕೈಚೀಲ ಇಟ್ಟುಕೊಂಡು ಕೂತಿದ್ದೆ. ಚೀಲದಲ್ಲಿ ಛತ್ರಿ, ನೀರಿನ ಬಾಟಲಿ, ಬುತ್ತಿ, ಜೊತೆಗೆ ನಾನೇ ದಪ್ಪಕ್ಷರದಲ್ಲಿ ಬರೆದುಕೊಂಡ ನಾಲ್ಕು ರಟ್ಟಿನ ಹಾಳೆ. "ಹೈಸ್ಕೂಲ್ ಮೇಷ್ಟ್ರಿಗೆ ಪ್ರೈಮರಿ ಸ್ಕೂಲಲ್ಲೇನು ಕೆಲಸ? ಅದೂ ಎರಡು ದಿನ ರಜೆ ಹಾಕಿ?" ಎಂದು ಮನೆಯಾಕೆ ಕೇಳಿದ್ದಳು. ಉತ್ತರ ಹೇಳದೆ ಹೊರಟಿದ್ದೆ. ಹೇಳಿದರೆ ನನ್ನದೇ ತಪ್ಪನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು.

ಅದು ನಡೆದದ್ದು ಎಂಟನೇ ತರಗತಿಯ ವಿಜ್ಞಾನದ ಪಾಠದಲ್ಲಿ. ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ನಿಲ್ಲಿಸಿ ಪುಸ್ತಕದ ಒಂದು ಪ್ಯಾರಾ ಓದು ಎಂದೆ. ಮೊದಲ ಸಾಲಿನಲ್ಲೇ 'ದ್ಯುತಿಸಂಶ್ಲೇಷಣೆ' ಎಂಬ ಪದ. ಹುಡುಗ ನಿಂತ. 'ದ' ಎಂದ. ಮತ್ತೆ ನಿಂತ. ಕ್ಲಾಸು ನಕ್ಕಿತು. "ಮನೆಯಲ್ಲಿ ಪುಸ್ತಕ ತೆರೆಯದ ಸೋಮಾರಿ" ಎಂದು ನಾನೂ ಒಂದು ಮಾತು ಸೇರಿಸಿದೆ. ಅದೇ ಹುಡುಗ ಮಾರನೆಯ ದಿನ ಶಾಲೆಯ ತೋಟದಲ್ಲಿ ಇಟ್ಟಿಗೆಯೊಂದನ್ನು ಎತ್ತಿ, ಕೆಳಗೆ ಬೆಳ್ಳಗಾಗಿದ್ದ ಹುಲ್ಲನ್ನು ತೋರಿಸಿ, "ಬಿಸ್ಲು ಬೀಳ್ನಿಲ್ಲ ಅಂದ್ರೆ ಹಸುರು ಹೊಂಟೋಯ್ತದೆ ಸಾ, ಅದ್ಕೆ ಊಟ ಮಾಡ್ಕೊಳಕಾಗಲ್ಲ" ಎಂದು ಗೆಳೆಯನಿಗೆ ವಿವರಿಸುತ್ತಿದ್ದ. ಮಧ್ಯದ 'ಸಾ' ನಾನು ಹಿಂದೆ ನಿಂತಿದ್ದು ಕಂಡಾಗ ಹೇಳಿದ್ದು. ಪಾಠದ ಸಾರವೆಲ್ಲ ಅವನ ಬಾಯಲ್ಲಿತ್ತು, ಪಾಠದ ಹೆಸರನ್ನು ಓದಲು ಮಾತ್ರ ಬರುತ್ತಿರಲಿಲ್ಲ. ಆಮೇಲೆ ಪ್ರತ್ಯೇಕವಾಗಿ ಕೂರಿಸಿಕೊಂಡು ನೋಡಿದರೆ, ಎರಡನೇ ತರಗತಿಯ ಪುಸ್ತಕವೂ ಅವನಿಗೆ ಕಷ್ಟ. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಯಾವುದೋ ಗ್ಯಾರೇಜಿನಲ್ಲಿದ್ದಾನೆ ಎಂದರು. 'ಕೆಳಗಿನ ಶಾಲೆಯವರು ಕಲಿಸಿಲ್ಲ' ಎಂದು ಸ್ಟಾಫ್ ರೂಮಿನಲ್ಲಿ ಸಮಾಧಾನ ಹೇಳಿಕೊಳ್ಳುವುದು ಸುಲಭ. ಹಾಗಾದರೆ ಕೆಳಗಿನ ಶಾಲೆಯಲ್ಲಿ ಏನು ನಡೆಯುತ್ತದೆ ಎಂದು ಕಣ್ಣಾರೆ ನೋಡೋಣವೆಂದು ಈ ಪ್ರಯಾಣ.

ನಂಜನಗೂಡು ಬರುವ ಮುನ್ನ ರೈಲು ಕಪಿಲೆಯನ್ನು ದಾಟುತ್ತದೆ. ಪಕ್ಕದಲ್ಲೇ ಕಲ್ಲಿನ ಹಳೆಯ ಸೇತುವೆ, 1735ರದ್ದು. ದಳವಾಯಿಗಳ ಕಾಲದಲ್ಲಿ ಕಟ್ಟಿದ ಈ ಸೇತುವೆಯ ಮೇಲೆ ಬಹುಕಾಲ ರೈಲೂ ಓಡಿತು, ಗಾಡಿಗಳೂ ಓಡಿದವು. ಈಗ ಅದಕ್ಕೆ ವಿಶ್ರಾಂತಿ. ಸ್ನಾನಘಟ್ಟದಲ್ಲಿ ಮುಡಿ ಕೊಟ್ಟವರು, ನೀರಿಗಿಳಿದ ಮಕ್ಕಳನ್ನು ಕೂಗಿ ಕರೆಯುವ ತಾಯಂದಿರು. ರಥಬೀದಿಯಲ್ಲಿ ನಂಜನಗೂಡಿನ ಹಲ್ಲುಪುಡಿ ಈಗಲೂ ಸಿಗುತ್ತದೆ, ರಸಬಾಳೆ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಬಾಳೆಯ ಸೊರಗು ರೋಗ ಮಣ್ಣಿನಲ್ಲಿ ಕೂತ ಶಿಲೀಂಧ್ರದಿಂದ ಬರುತ್ತದೆ. ಎಲೆ ಹಳದಿಯಾದಾಗ ಔಷಧಿ ಹೊಡೆದು ಪ್ರಯೋಜನವಿಲ್ಲ, ಬೇರಿನಲ್ಲಿ ಕೆಟ್ಟು ಬಹಳ ದಿನವಾಗಿರುತ್ತದೆ. ಮೇಷ್ಟ್ರ ಬುದ್ಧಿ ನೋಡಿ, ಬಾಳೆಹಣ್ಣಿನ ಅಂಗಡಿಯ ಮುಂದೆಯೂ ಪಾಠ ಬಿಡುವುದಿಲ್ಲ.

ಹುಲ್ಲಹಳ್ಳಿ ರಸ್ತೆಯ ಬಸ್ಸು ಹಿಡಿದು, ಗದ್ದೆಬಯಲಿನ ನಡುವಿನ ಒಂದು ಕಿರಿಯ ಪ್ರಾಥಮಿಕ ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದಿತ್ತು. ಎರಡು ಕೋಣೆ, ಇಬ್ಬರು ಶಿಕ್ಷಕಿಯರು, 27 ಮಕ್ಕಳು. ಒಂದು ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ನಲಿ-ಕಲಿ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನು ಬಟ್ಟೆ ಒಣಹಾಕಿದಂತೆ ತೂಗುಹಾಕಿದ್ದರು. ಗೋಡೆಯ ಮೇಲೆ ಕಲಿಕೆಯ ಏಣಿ. ನೆಲದ ಮೇಲೆ ಐದು ಗುಂಪು, ಇವಕ್ಕೆ 'ತಟ್ಟೆ' ಎಂದು ಹೆಸರು. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರು ಒಂದರಲ್ಲಿ, ಗೆಳೆಯರ ಸಹಾಯದಿಂದ ಕಲಿಯುವವರು ಇನ್ನೊಂದರಲ್ಲಿ, ತಾವೇ ಕಲಿಯುವವರು ಕೊನೆಯದರಲ್ಲಿ. ಒಂದು ಮೆಟ್ಟಿಲು ಹತ್ತಿದ ಮಗು ಎದ್ದು ಮುಂದಿನ ಕಾರ್ಡು ತೆಗೆದುಕೊಳ್ಳುತ್ತದೆ, ಪಕ್ಕದವನಿಗಾಗಿ ಕಾಯುವುದಿಲ್ಲ.

ಈ ಪದ್ಧತಿ ಹುಟ್ಟಿದ್ದೂ ಇದೇ ನದಿಯ ಮೇಲ್ಭಾಗದಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳ ಕಾರ್ಡು ಪದ್ಧತಿಯನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ನಮ್ಮ ನೆಲಕ್ಕೆ ಹೊಂದುವಂತೆ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹರಡಿತು. ನಾವು ಕಲಿತಂತೆ ಇಲ್ಲಿ 'ಅ ಆ ಇ ಈ' ಇಂದ ಶುರುವಿಲ್ಲ. ಮೊದಲ ಐದು ಅಕ್ಷರ ರ, ಗ, ಸ, ದ, ಅ. ಬರೆಯಲು ಕೈ ಒಂದೇ ರೀತಿ ತಿರುಗುವ ಅಕ್ಷರಗಳು ಹತ್ತಿರ ಹತ್ತಿರ. ಐದೇ ಅಕ್ಷರದಲ್ಲಿ ಮಗು ಸರ, ಅರಸ, ಅಗಸ, ಗರಗಸ ಎಂದು ಪದಗಳನ್ನೇ ಓದಿಬಿಡುತ್ತದೆ. ಮೂಗಿನಲ್ಲಿ ಸಿಂಬಳ ಸುರಿಸುತ್ತ ಕೂತಿದ್ದ ಒಬ್ಬ ಪುಟ್ಟ ನನಗೆ 'ಗರಗಸ' ಓದಿ ತೋರಿಸಿ, ಕೈಯಲ್ಲಿ ಮರ ಕೊಯ್ಯುವ ಅಭಿನಯವನ್ನೂ ಮಾಡಿದ.

"ಗರಗಸದವರೆಗೆ ಎಲ್ಲಾರೂ ಬರ್ತಾರೆ ಸರ್. ಆಮೇಲೆ ಶುರು ನೋಡಿ ನಮ್ಮ ಪಾಡು" ಎಂದರು ಮುಖ್ಯ ಶಿಕ್ಷಕಿ, ನಾಲ್ಕು-ಐದನೇ ತರಗತಿಯ ಕೋಣೆಗೆ ಕರೆದೊಯ್ಯುತ್ತ.

ಅಲ್ಲಿ ನನ್ನ ರಟ್ಟುಗಳನ್ನು ಹೊರತೆಗೆದೆ. ಒಂದರಲ್ಲಿ ಬಿಡಿ ಅಕ್ಷರ, ಒಂದರಲ್ಲಿ ಪದ, ಒಂದರಲ್ಲಿ ನಾಲ್ಕು ಸಾಲು, ಕೊನೆಯದರಲ್ಲಿ ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. 'ಅಸರ್' ಸಮೀಕ್ಷೆಯವರು ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳ ಓದನ್ನು ಅಳೆಯುವುದು ಇಂಥ ನಾಲ್ಕು ಮೆಟ್ಟಿಲಲ್ಲೇ. ಗ್ರಾಮೀಣ ಭಾರತದ ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಕಥೆ ಓದಬಲ್ಲವರು 2018ರಲ್ಲಿ ಶೇ 27.3 ಇದ್ದರು, ಕೊರೋನಾದಿಂದ ಶಾಲೆ ಮುಚ್ಚಿದ್ದರ ಪರಿಣಾಮ 2022ರಲ್ಲಿ ಶೇ 20.5ಕ್ಕೆ ಇಳಿದರು, 2024ರಲ್ಲಿ ಮತ್ತೆ ಶೇ 27.1ಕ್ಕೆ ಏರಿದರು. ಏರಿದ್ದು ಸಂತೋಷವೇ. ಆದರೆ ಏರಿ ನಿಂತ ಜಾಗವೂ ನಾಲ್ವರಲ್ಲಿ ಒಬ್ಬರು ಎನ್ನುವಷ್ಟೇ.

ಐದನೇ ತರಗತಿಯ ಒಬ್ಬ ಹುಡುಗ 'ಹಾವು' ಎಂಬುದನ್ನು 'ಆವು' ಎಂದು ಓದಿದ. ತಪ್ಪು ಎನ್ನಲು ಬಾಯಿ ತೆರೆದೆ. ಶಿಕ್ಷಕಿ ಕಣ್ಣಲ್ಲೇ ತಡೆದರು. "ಅವರ ಮನೇಲಿ ಹಾವು ಆವೇ ಸರ್, ಹಾಲು ಆಲೇ. ಅವನು ಸರಿಯಾಗೇ ಓದ್ದ. ಬರೀವಾಗ ಮಾತ್ರ ಒದ್ದಾಡ್ತಾನೆ." ಇದನ್ನು ನಾನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಮನೆಯ ಮಾತಿನಲ್ಲಿ ಇಲ್ಲದ ಸದ್ದಿಗೆ ಪುಸ್ತಕದಲ್ಲಿ ಒಂದು ಅಕ್ಷರ; ಅದನ್ನು ಎಲ್ಲಿ ಇಡಬೇಕೆಂದು ಮಗು ಪ್ರತಿ ಪದದಲ್ಲೂ ಊಹಿಸಬೇಕು. ಇನ್ನು ಕನ್ನಡದ ಅಕ್ಷರಸಂಪತ್ತನ್ನು ಲೆಕ್ಕ ಹಾಕಿ ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ ಎಂದು ಹೇಳಿ ಮುಗಿಸುತ್ತೇವೆ. 34 ವ್ಯಂಜನಗಳಿಗೂ ಕಾಗುಣಿತದ ಸಾಲು ಹಾಕಿದರೆ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ಅರ್ಕಾವೊತ್ತಂತೂ ಬಾಯಿಗೆ ಮೊದಲು ಬರುವ 'ರ್' ಕಾಗದದ ಮೇಲೆ ಕೊನೆಗೆ ಹೋಗಿ ಕೂರುವ ವಿಚಿತ್ರ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಮಕ್ಕಳ ಓದಿನ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರಗಳು ಪೂರ್ತಿ ವಶವಾಗಲು ನಾಲ್ಕನೇ ತರಗತಿ ದಾಟಿಯೂ ಕಾಲ ಹಿಡಿಯುತ್ತದೆ ಎಂಬುದು ಕಂಡುಬಂತು. ನಮ್ಮ ಪಠ್ಯಪುಸ್ತಕವಾದರೋ ನಾಲ್ಕನೇ ತರಗತಿಗೆ ಬಂದ ಮಗುವಿಗೆ ಓದು ಬಂದೇ ಇದೆ ಎಂದು ನಂಬಿಕೊಂಡು ಹೊರಡುತ್ತದೆ. ನನ್ನ ಎಂಟನೇ ತರಗತಿಯ ಹುಡುಗ ಆ ಸಂದಿಯಲ್ಲಿ ಬಿದ್ದವನು.

"ಹಾಗಾದ್ರೆ ಪ್ರತ್ಯೇಕವಾಗಿ ಒಂದು ಗಂಟೆ ಓದಿಸಬಾರದೆ?" ಎಂದೆ, ಹೈಸ್ಕೂಲಿನವರ ಸಹಜ ಗತ್ತಿನಲ್ಲಿ.

ಅವರು ನಕ್ಕು, ಬೀರುವಿನಿಂದ ಖರ್ಚಿನ ಪುಸ್ತಕ ತಂದು ಮುಂದಿಟ್ಟರು. ಪಾಲಕರು ಇದನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂರುವವರು ನೀವೇ. 2018ರಿಂದ ಸಮಗ್ರ ಶಿಕ್ಷಣ ಎಂಬ ಹೆಸರಿನಲ್ಲಿ ಬರುವ ಈ ಹಣದಲ್ಲಿ ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ಶಾಲಾ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ: 30ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ, 30 ದಾಟಿ ನೂರರವರೆಗೆ 25,000. ಸೀಮೆಸುಣ್ಣ, ಕರೆಂಟು ಬಿಲ್ಲು, ರಿಪೇರಿ ಎಲ್ಲ ಇದರಲ್ಲೇ. ಹತ್ತನೇ ಒಂದು ಪಾಲು ಸ್ವಚ್ಛತೆಗೆ ಮೀಸಲು. ಗ್ರಂಥಾಲಯಕ್ಕೆಂದು ಕಿರಿಯ ಪ್ರಾಥಮಿಕ ಶಾಲೆಗೆ ಹೆಚ್ಚೆಂದರೆ 5,000. ಐವತ್ತು ರೂಪಾಯಿಯ ಪುಸ್ತಕವಾದರೆ ನೂರು ಪುಸ್ತಕ, ಕಡಿಮೆಯೇನಲ್ಲ. ಆದರೆ ಪುಸ್ತಕದ ಪಕ್ಕ ಕೂತು ಓದಿಸುವ ಮನುಷ್ಯನಿಗೆ? ಇಬ್ಬರು ಶಿಕ್ಷಕಿಯರಲ್ಲಿ ಒಬ್ಬರು ತರಬೇತಿಗೋ ಸಭೆಗೋ ಹೋದ ದಿನ ಐದು ತರಗತಿಯೂ ಒಬ್ಬರ ತಲೆಗೆ. "ಹಣ ಬರಲ್ಲ ಅಂತ ಅಲ್ಲ ಸರ್. ವಸ್ತುವಿಗೆ ಬರತ್ತೆ. ಗಂಟೆಗೆ ಬರಲ್ಲ" ಎಂದರು.

ಗಂಟೆಗೆ ಹಣ ಕೊಟ್ಟ ಉದಾಹರಣೆ ಇಲ್ಲದಿಲ್ಲ. ಮುಂಬಯಿ ಮತ್ತು ವಡೋದರದಲ್ಲಿ 2001ರಿಂದ 2003ರವರೆಗೆ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕ ಕೂರಿಸಿ, ಅದೇ ಬಡಾವಣೆಯ ಯುವತಿಯರಿಂದ ಪಾಠ ಹೇಳಿಸಿದರು. 'ಬಾಲಸಖಿ' ಎಂದು ಅದಕ್ಕೆ ಹೆಸರು. ಪ್ರಥಮ್ ಸಂಸ್ಥೆಯ ಈ ಪ್ರಯತ್ನವನ್ನು ಅಳೆದು, ಮಕ್ಕಳು ನಿಜಕ್ಕೂ ಮುಂದೆ ಬಂದರೆಂದು ತೋರಿಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. 2019ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಮೆರಿಕದವರು ಬಡ ಮಕ್ಕಳು ಹೆಚ್ಚಿರುವ ಶಾಲೆಗೆ ಹೆಚ್ಚಿನ ಹಣ ಎಂದು 1965ರಲ್ಲೇ ಕಾನೂನು ಮಾಡಿದ್ದರು. ನಮ್ಮಲ್ಲೂ ನಾಲ್ಕು-ಐದನೇ ತರಗತಿಯವರನ್ನು ತರಗತಿ ನೋಡದೆ ಓದಿನ ಮಟ್ಟ ನೋಡಿ ಗುಂಪು ಮಾಡುವ 'ಓದು ಕರ್ನಾಟಕ' ಬಂತು, ಕೊರೋನಾ ಕಾಲದಲ್ಲಿ ಜಗಲಿ-ಮರದಡಿಗಳಲ್ಲಿ ಪಾಠ ಮಾಡಿದ 'ವಿದ್ಯಾಗಮ' ಬಂತು, 2022-23ರಲ್ಲಿ ಹೋದ ಕಲಿಕೆಯನ್ನು ಹಿಂದೆ ತರಲು 'ಕಲಿಕಾ ಚೇತರಿಕೆ' ಬಂತು. ಪರಿಹಾರ ಬೋಧನೆ ಎಂಬ ಮಾತಂತೂ ನಾನು ನೌಕರಿಗೆ ಸೇರಿದಾಗಿನಿಂದ ಕೇಳುತ್ತಿದ್ದೇನೆ.

ಊಟದ ಗಂಟೆಯಾಯಿತು. ಮಕ್ಕಳ ಜೊತೆ ಅನ್ನ ಸಾಂಬಾರು ಉಂಡು, ಮಧ್ಯಾಹ್ನ ನಂಜನಗೂಡಿಗೆ ಮರಳಿ, ನರಸೀಪುರದ ಬಸ್ಸು ಹತ್ತಿದೆ.

ದಾರಿಯ ಉದ್ದಕ್ಕೂ ಕಪಿಲೆ ಒಮ್ಮೆ ಕಾಣುತ್ತಾಳೆ, ಒಮ್ಮೆ ತೆಂಗಿನ ತೋಟಗಳ ಹಿಂದೆ ಅಡಗುತ್ತಾಳೆ. ಸುತ್ತೂರಿನ ಮಠ, ಅದರ ದೊಡ್ಡ ಶಾಲೆ ಈ ನದಿಯ ದಂಡೆಯ ಮೇಲೆಯೇ. ವರುಣಾ ಹೋಬಳಿಯ ಸಿದ್ದರಾಮನಹುಂಡಿಯೂ ಈ ಸೀಮೆಗೆ ದೂರವಲ್ಲ. ಎರಡು ಬಾರಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ಸಿದ್ದರಾಮಯ್ಯನವರು ಕುಣಿತ ಕಲಿಯಲು ಹೋದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಆಮೇಲೆ ನೇರ ಐದನೇ ತರಗತಿಗೆ ಸೇರಿದ್ದನ್ನು ತಾವೇ ಹಲವು ಸಲ ಹೇಳಿಕೊಂಡಿದ್ದಾರೆ. ಶಾಲೆಯ ಹೊರಗೆ ಒಬ್ಬರು ಕೈಹಿಡಿದು ತಿದ್ದಿಸಿದ ಗಂಟೆಗಳು ಅವು. ಪಕ್ಷಪಾತವಿಲ್ಲದೆ ಹೇಳುವುದಾದರೆ, ಎಲ್ಲರಿಗೂ ಅಂಥ ಮೇಷ್ಟ್ರು ಸಿಗುವುದಿಲ್ಲ.

ತಿರುಮಕೂಡಲಿನಲ್ಲಿ ಇಳಿದಾಗ ಸಂಜೆ. ಕಾವೇರಿಗೆ ಕಪಿಲೆ ಸೇರುವ ಜಾಗ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಎನ್ನುತ್ತಾರೆ. ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದು ದಡದಲ್ಲಿ ಗುಂಜಾ ನರಸಿಂಹ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ. 2025ರ ಫೆಬ್ರುವರಿಯಲ್ಲಿ ನಡೆದಾಗ ಜನಸಾಗರ. ಈಗ ಒಬ್ಬ ಮೀನುಗಾರ, ಎರಡು ನಾಯಿ, ನಾನು. ನಮ್ಮ ಓದಿನ ಯೋಜನೆಗಳೂ ಕುಂಭಮೇಳದ ಹಾಗೇ ಅನ್ನಿಸಿ ನಗು ಬಂತು. ಬರುವಾಗ ಬ್ಯಾನರು, ಭಾಷಣ. ಹೋದ ಮೇಲೆ ದಡದಲ್ಲಿ ಉಳಿದವರು ದಿನಾ ಇರುವವರೇ. ರಾತ್ರಿ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಉಳಿದೆ.

ಮಾರನೆಯ ಬೆಳಗ್ಗೆ ಸೋಮನಾಥಪುರದ ಕಡೆಯ ಇನ್ನೊಂದು ಶಾಲೆ. ಬೇಗ ಹೋಗಿದ್ದಕ್ಕೆ ಬೀಗ ಹಾಕಿರಬಹುದು ಎಂದುಕೊಂಡರೆ, ಎಂಟೂವರೆಗೇ ಜಗಲಿಯ ಮೇಲೆ ಹನ್ನೊಂದು ಮಕ್ಕಳು. ಮುಂದೆ ಒಬ್ಬ ಯುವತಿ, ಅತಿಥಿ ಶಿಕ್ಷಕಿ, ಪಕ್ಕದ ಊರಿನವರು. ಒಂದು ಕಥೆಪುಸ್ತಕವನ್ನು ತಾವು ಒಂದು ಸಾಲು ಓದುತ್ತಾರೆ, ಮಕ್ಕಳು ಬೆರಳಿಟ್ಟು ಅದೇ ಸಾಲು ಓದುತ್ತಾರೆ. ಆಮೇಲೆ ಇಬ್ಬಿಬ್ಬರು ಎದುರುಬದುರು ಕೂತು ಒಬ್ಬರಿಗೊಬ್ಬರು ಓದುತ್ತಾರೆ. ಕೊನೆಯ ಹತ್ತು ನಿಮಿಷ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒತ್ತಕ್ಷರದ ಕುಂಟಾಬಿಲ್ಲೆ. ಕಾಲಿಟ್ಟ ಚೌಕದ ಪದ ಓದಿದರೆ ಮುಂದಿನ ಚೌಕ. ಇದಕ್ಕೆಲ್ಲ ಪುಸ್ತಕ ಎಲ್ಲಿಂದ ಎಂದು ಕೇಳಿದೆ. ಅರ್ಧ ಶಾಲೆಯದು, ಅರ್ಧ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ್ದು. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ನಿಮ್ಮ ಮಕ್ಕಳನ್ನು ಸೇರಿಸದಿದ್ದರೆ ಈ ವಾರವೇ ಸೇರಿಸಿ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಎಂದು ನೂರಕ್ಕೆ ಆರು ವಸೂಲಾಗುವುದು ಅಲಂಕಾರಕ್ಕಲ್ಲ.

"ಈ ಗಂಟೆಗೆ ಸಂಬಳ?" ಎಂದೆ.

"ಇಲ್ಲ ಸರ್. ಹತ್ತರಿಂದ ನಾಲ್ಕಕ್ಕೇ ಗೌರವಧನ, ಅದೂ ಎರಡು-ಮೂರು ತಿಂಗಳದ್ದು ಒಟ್ಟಿಗೆ ಬರತ್ತೆ" ಎಂದರು, ದೂರುವ ದನಿಯಿಲ್ಲದೆ. "ಜೂನ್ ಮುಗಿಯೋ ಹೊತ್ತಿಗೆ ನನ್ನ ತಗೋತಾರೆ, ಮಾರ್ಚಿಗೆ ಮುಗೀತು. ಬೇಸಿಗೇಲಿ ಇವ್ರು ಅರ್ಧ ಮರ್ತಿರ್ತಾರೆ. ಮುಂದಿನ ವರ್ಷ ನಾನೇ ಬರ್ತೀನೋ ಬೇರೆಯೋರೋ ಗೊತ್ತಿಲ್ಲ."

ಮುಖ್ಯ ಶಿಕ್ಷಕರ ಚಿಂತೆ ಬೇರೆಯೇ ಲೆಕ್ಕದ್ದು. ಹಾಜರಿ ಪುಸ್ತಕದಲ್ಲಿ 32 ಹೆಸರು. ಊರ ಮುಂದೆ ನರಸೀಪುರದ ಇಂಗ್ಲಿಷ್ ಶಾಲೆಯ ವ್ಯಾನು ಬರಲು ಶುರುವಾಗಿದೆ. ಇಬ್ಬರು ಮಕ್ಕಳು ವ್ಯಾನು ಹತ್ತಿದರೆ 30. 25,000ದ ಅನುದಾನ 10,000ಕ್ಕೆ ಇಳಿಯುತ್ತದೆ. ಓದು ಬಾರದ್ದಕ್ಕೆ ಮಕ್ಕಳು ಹೋಗುತ್ತಾರೆ, ಮಕ್ಕಳು ಹೋದದ್ದಕ್ಕೆ ಹಣ ಹೋಗುತ್ತದೆ, ಹಣ ಹೋದ ಮೇಲೆ ಓದಿಸುವವರಾದರೂ ಎಲ್ಲಿಂದ ಬರಬೇಕು? ಎಲ್ಲಕ್ಕಿಂತ ಹಿಂದೆ ಬಿದ್ದ ಶಾಲೆಗೆ ಎಲ್ಲಕ್ಕಿಂತ ಕಡಿಮೆ ಕೊಡುವ ಈ ಲೆಕ್ಕ ನನ್ನ ಗಣಿತಕ್ಕೆ ಹೊಂದಲಿಲ್ಲ. ಜ್ವರ ಹೆಚ್ಚಾದವನಿಗೆ ಮಾತ್ರೆ ಕಡಿಮೆ ಮಾಡುವ ವೈದ್ಯರಿದ್ದಾರೆಯೆ?

ಹೊರಡುವ ಮುನ್ನ ಸೋಮನಾಥಪುರದ ಕೇಶವ ದೇವಾಲಯ ನೋಡದೆ ಬರಲು ಮನಸ್ಸಾಗಲಿಲ್ಲ. 13ನೇ ಶತಮಾನದ ಹೊಯ್ಸಳರ ಈ ಗುಡಿ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೋ ಪಟ್ಟಿ ಸೇರಿತು. ಎಲ್ಲರೂ ಮೇಲೆ ನೋಡುತ್ತ ಸುತ್ತುತ್ತಾರೆ. ನಾನು ವಿಗ್ರಹಗಳ ಪಾದದ ಬಳಿ ಬಗ್ಗಿ ನೋಡಿದೆ. ಅಲ್ಲಿ ಶಿಲ್ಪಿಗಳ ರುಜು ಇದೆ. ಮಲ್ಲಿತಮ್ಮ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಚಾಣ ಹಿಡಿದ ಕೈಗೆ ಅಂದೇ ಒತ್ತಕ್ಷರ ಗೊತ್ತಿತ್ತು.

ಬಸ್‌ಸ್ಟಾಪಿನ ಅರಳಿಕಟ್ಟೆಯ ಮೇಲೆ ಒಬ್ಬ ಅಜ್ಜಿ ಮೊಮ್ಮಗಳೊಂದಿಗೆ ಕೂತಿದ್ದರು. ಹುಡುಗಿ ಬೆಳಿಗ್ಗೆ ಜಗಲಿಯಲ್ಲಿ ಕಂಡವಳೇ, ಐದನೇ ತರಗತಿ. ಹಲ್ಲುನೋವಂತೆ, ಆಸ್ಪತ್ರೆಗೆ ಹೊರಟಿದ್ದರು.

"ಮೇಷ್ಟ್ರೇ, ಈ ಕೂಸ ಬರೋ ವರ್ಸ ವ್ಯಾನಿಗೆ ಹಾಕ್ಬುಡಣ ಅಂತಾನೆ ನಮ್ ಹೈದ. ದುಡ್ಡು ಸಾಲ ತಂದಾದ್ರೂ ಸರಿ ಅಂತಾನೆ. ಐದ್ನೇ ಕಿಲಾಸು ಕನ, ಹೋದ್ ವರ್ಸ ಬಸ್ಸಿನ ಬೋಲ್ಡು ಓದವ್ವ ಅಂದ್ರೆ ನನ್ ಮಕ ನೋಡೋಳು. ನೀವೇನಂತೀರಿ?"

ನಾನು ಏನು ಹೇಳಲಿ? ಇಂಗ್ಲಿಷ್ ಬೇಡವೆನ್ನುವ ಧೈರ್ಯ ನನಗಿಲ್ಲ, ನನ್ನ ಮಕ್ಕಳು ಓದಿದ್ದೂ ಅದರಲ್ಲೇ. ಕನ್ನಡದಲ್ಲಿ ಓದು ಕೂಡಿಬಾರದ ಮಗುವಿಗೆ ಇನ್ನೊಂದು ಭಾಷೆಯ ಪುಸ್ತಕ ಕೊಟ್ಟರೆ ಹೊರೆ ಎರಡಾಗುತ್ತದೆ ಎಂದೆ. ಈ ವರ್ಷ ಇಲ್ಲೇ ಮುಗಿಸಲಿ, ಬೆಳಗಿನ ಗಂಟೆ ತಪ್ಪಿಸಬೇಡಿ ಎಂದೆ. ಆ ಗಂಟೆ ಮುಂದಿನ ವರ್ಷ ಇರುತ್ತದೆಂದು ಹೇಳಲು ಮಾತ್ರ ನನ್ನಿಂದಾಗಲಿಲ್ಲ. ಅಜ್ಜಿ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ದೂರದಲ್ಲಿ ಧೂಳೆಬ್ಬಿಸಿಕೊಂಡು ಬಸ್ಸು ಬಂತು. ಅಜ್ಜಿ ಹುಡುಗಿಯ ಬೆನ್ನು ತಟ್ಟಿ, "ನೋಡವ್ವ, ಯಾವ್ದು?" ಎಂದರು. ಹುಡುಗಿ ಊದಿದ ಕೆನ್ನೆ ಹಿಡಿದುಕೊಂಡೇ ಕಣ್ಣು ಕಿರಿದು ಮಾಡಿದಳು. "ಮೈಸೂರು" ಎಂದಳು. "ತಿ. ನರಸೀಪುರ" ಎಂದಳು. ಕೆಳಗಿನ ಸಾಲಿಗೆ ಬಂದು ನಿಂತಳು. ತುಟಿ ಅಲ್ಲಾಡಿತು. ಎರಡು ಸಲ 'ಮಾ' ಎಂದು, ಮೂರನೆಯ ಸಲಕ್ಕೆ "ಮಾರ್ಗ, ಬನ್ನೂರು" ಎಂದು ಗಟ್ಟಿಯಾಗಿ ಓದಿಬಿಟ್ಟಳು.

"ಅತ್ತು ಅತ್ತು, ಬೇಗ" ಎಂದು ಅಜ್ಜಿ ಮುಂದೆ ನಡೆದರು. ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ, ಕಿಟಕಿಯಾಚೆ ಬಂದ ಪ್ರತಿ ಅಂಗಡಿಯ ಹೆಸರನ್ನೂ ನರಸೀಪುರದವರೆಗೆ ಅವಳಿಂದ ಓದಿಸಿಕೊಂಡರು.